ಗೊಂಚಲಲ್ಲಿ ಅರಳುವ ಐಸ್‌ಬರ್ಗ್: ಒಂದು ಫ್ಲೋರಿಬಂಡಾ ಗುಲಾಬಿಯ ವಂಶಕಥೆ

ನರ್ಸರಿಯಲ್ಲಿ ಬಿಳಿ ಗುಲಾಬಿ ಗಿಡ ಕೈಗೆತ್ತಿಕೊಂಡರೆ ಕುಂಡಕ್ಕೆ ಕಟ್ಟಿದ ಚೀಟಿಯಲ್ಲಿ ಎರಡು ಪದ ಕಾಣಬಹುದು. ಒಂದು ‘ಐಸ್‌ಬರ್ಗ್’, ಇನ್ನೊಂದು ‘ಫ್ಲೋರಿಬಂಡಾ’. ಮೊದಲನೆಯದು ತಳಿಯ ಹೆಸರು ಅಂತ ಊಹಿಸಬಹುದು. ಎರಡನೆಯದು ಏನು? ಅದೂ ಹೆಸರೇನಾ, ಕಂಪನಿಯಾ, ಗೊಬ್ಬರವಾ? ಹೊಸದಾಗಿ ಗುಲಾಬಿ ಬೆಳೆಸಲು ಹೊರಟವರು ನನ್ನ ಹತ್ತಿರ ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಜೊತೆಗೆ ಇನ್ನೊಂದೂ ಇರುತ್ತದೆ: ‘ಬಿಳಿ ಗುಲಾಬಿ ಅಂತ ತಂದೆ, ಮೊಗ್ಗಿನಲ್ಲಿ ಗುಲಾಬಿ ಬಣ್ಣ ಕಾಣ್ತಿದೆ, ಮೋಸ ಹೋದೆನಾ?’

ಮೋಸ ಏನೂ ಆಗಿಲ್ಲ. ಆ ಬಣ್ಣಕ್ಕೂ, ಗೊಂಚಲು ಗೊಂಚಲಾಗಿ ಹೂ ಬಿಡುವುದಕ್ಕೂ, ಮುಳ್ಳು ಕಡಿಮೆ ಇರುವುದಕ್ಕೂ ಕಾರಣ ಇದೆ. ಬಹುಪಾಲು ಕಾರಣಗಳು ಈ ಗಿಡದ ಅಪ್ಪ, ಅಮ್ಮ, ಅಜ್ಜಿಯರಲ್ಲೇ ಸಿಗುತ್ತವೆ.

ಫ್ಲೋರಿಬಂಡಾ ಅಂದರೆ ಏನು?

ಲ್ಯಾಟಿನ್‌ನಲ್ಲಿ ಈ ಪದಕ್ಕೆ ‘ತುಂಬಾ ಹೂ ಬಿಡುವ’ ಅಂತ ಅರ್ಥ. ಗುಲಾಬಿಗಳಲ್ಲಿ ಇದು ಒಂದು ಗುಂಪಿನ ಹೆಸರು. ಇಂಥ ಗುಂಪುಗಳು ಹಲವು ಇವೆ. ತೋಟದಲ್ಲಿ ಹೆಚ್ಚಾಗಿ ಕಾಣುವುದು ಎರಡು.

ಒಂದು ‘ಹೈಬ್ರಿಡ್ ಟೀ’. ಉದ್ದನೆಯ ಕಡ್ಡಿ, ಅದರ ತುದಿಯಲ್ಲಿ ಒಂದೇ ದೊಡ್ಡ ಹೂ. ಹೂಗುಚ್ಛದಲ್ಲಿ ಕೊಡುವ ಗುಲಾಬಿ ನೆನಪಿಸಿಕೊಳ್ಳಿ, ಅದೇ ಆಕಾರ. ಇನ್ನೊಂದು ಫ್ಲೋರಿಬಂಡಾ. ಇಲ್ಲಿ ಕಡ್ಡಿಯ ತುದಿ ಕವಲೊಡೆಯುತ್ತದೆ. ಪ್ರತಿ ಕವಲಿಗೂ ಒಂದು ಮೊಗ್ಗು. ಹಾಗಾಗಿ ಒಂದೇ ಕಡ್ಡಿಯಲ್ಲಿ ಐದು, ಎಂಟು, ಕೆಲವೊಮ್ಮೆ ಹನ್ನೆರಡಕ್ಕೂ ಜಾಸ್ತಿ ಹೂ. ಒಬ್ಬರೇ ನಿಂತು ಹಾಡುವುದಕ್ಕೂ ಹತ್ತು ಜನ ದನಿ ಸೇರಿಸಿ ಹಾಡುವುದಕ್ಕೂ ಇರುವ ವ್ಯತ್ಯಾಸ ಇದು. ಬಿಡಿ ಹೂ ನೋಡಿದರೆ ಹೈಬ್ರಿಡ್ ಟೀ ದೊಡ್ಡದು. ಹತ್ತು ಹೆಜ್ಜೆ ದೂರ ನಿಂತು ಗಿಡ ನೋಡಿದರೆ ಫ್ಲೋರಿಬಂಡಾದ್ದೇ ಮೇಲುಗೈ.

ಗೊಂಚಲನ್ನು ಹತ್ತಿರದಿಂದ ನೋಡಿದರೆ ಒಂದು ಕ್ರಮ ಕಾಣುತ್ತದೆ. ನಟ್ಟನಡುವಿನ ಮೊಗ್ಗು ಎಲ್ಲಕ್ಕಿಂತ ದಪ್ಪ. ಮೊದಲು ಅರಳುವುದು ಅದೇ. ಸುತ್ತಲಿನ ಮೊಗ್ಗುಗಳು ಇನ್ನೂ ಹಸಿರು ಹೊದಿಕೆಯೊಳಗೆ ಬಿಗಿಯಾಗಿ ಕೂತಿರುತ್ತವೆ. ಅವು ಅರಳುವ ಹೊತ್ತಿಗೆ ನಡುವಿನದು ಬಾಡಿ, ಎಸಳು ಉದುರಿಸಿ, ಗೊಂಚಲಿನ ಮಧ್ಯೆ ಒಂದು ಬೋಳು ಜಾಗ ಬಿಟ್ಟಿರುತ್ತದೆ. ಇಡೀ ಗೊಂಚಲು ಒಟ್ಟಿಗೆ ಅರಳಬೇಕು ಅನ್ನುವವರು ನಡುವಿನ ಮೊಗ್ಗು ಕಡಲೆ ಗಾತ್ರ ಇರುವಾಗಲೇ ಉಗುರಿನಿಂದ ಚಿವುಟುತ್ತಾರೆ. ಮೊದಲ ಸಲ ಚಿವುಟುವಾಗ ನನಗೆ ಮನಸ್ಸೇ ಬರಲಿಲ್ಲ. ಆಮೇಲೆ ಏಳು ಹೂ ಒಟ್ಟಿಗೆ ಬಿರಿದದ್ದು ನೋಡಿ ಸಮಾಧಾನವಾಯಿತು.

ಈ ಗುಂಪು ಹುಟ್ಟಿದ್ದು ಹೇಗೆ?

ಕಾಡಿನಲ್ಲಿ ಫ್ಲೋರಿಬಂಡಾ ಸಿಗುವುದಿಲ್ಲ. ಮನುಷ್ಯರು ಬೇಕು ಅಂತಲೇ ಮಾಡಿದ ಗುಂಪು ಇದು. ಅದಕ್ಕೊಂದು ಗಟ್ಟಿ ಕಾರಣ ಇತ್ತು: ಚಳಿ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಯುರೋಪಿನ ತೋಟಗಾರರ ಕೈಯಲ್ಲಿ ಎರಡು ಬಗೆಯ ಗುಲಾಬಿ ಇದ್ದವು. ಹೈಬ್ರಿಡ್ ಟೀ ಗುಲಾಬಿಗಳ ಹೂ ದೊಡ್ಡದು, ಆಕಾರ ಚೆಂದ. ಆದರೆ ಅವಕ್ಕೆ ಕಡು ಚಳಿ ಆಗದು. ಇನ್ನೊಂದು ‘ಪಾಲಿಯಾಂಥಾ’. ಪೂರ್ವ ಏಷ್ಯಾದ ‘ರೋಸಾ ಮಲ್ಟಿಫ್ಲೋರಾ’ ಅನ್ನುವ ಕಾಡುಗುಲಾಬಿಯ ರಕ್ತ ಇವುಗಳಲ್ಲಿದೆ. ಫ್ರಾನ್ಸ್‌ನ ಲಿಯಾನ್‌ನಲ್ಲಿ ಗಿಯೋ ಎಂಬ ತಳಿಗಾರರು 1870ರ ದಶಕದಲ್ಲಿ ಹೊರತಂದ ‘ಪಾಕೆರೆಟ್’ ಈ ಗುಂಪಿನ ಮೊದಲನೆಯದು. ಪಾಲಿಯಾಂಥಾ ಗಿಡ ಕುಳ್ಳು, ಗಟ್ಟಿಮುಟ್ಟು, ಗೊಂಚಲಲ್ಲಿ ರಾಶಿ ಹೂ. ಆದರೆ ಹೂ ಗುಂಡಿಯಷ್ಟೇ.

ಒಂದರಲ್ಲಿ ಹೂವಿನ ಗಾತ್ರ, ಇನ್ನೊಂದರಲ್ಲಿ ಗೊಂಚಲು ಮತ್ತು ಚಳಿ ತಡೆಯುವ ಶಕ್ತಿ. ಎರಡನ್ನೂ ಸೇರಿಸಿದರೆ? ಡೆನ್ಮಾರ್ಕ್‌ನ ಪೌಲ್ಸೆನ್ ಮನೆತನ ಕೈಹಾಕಿದ್ದು ಇದಕ್ಕೇ. ಡೀನೆಸ್ ಪೌಲ್ಸೆನ್ ಅವರು ‘ಮದಾಮ್ ನೋರ್ಬೆರ್ ಲವವಸ್ಸರ್’ ಎಂಬ ಪಾಲಿಯಾಂಥಾಗೆ ‘ರಿಚ್ಮಂಡ್’ ಎಂಬ ಕೆಂಪು ಹೈಬ್ರಿಡ್ ಟೀ ಪರಾಗ ಹಾಕಿದರು. 1910ರ ದಶಕದ ಆರಂಭದಲ್ಲಿ ಹೊರಬಂದ ಆ ಮಗುವಿನ ಹೆಸರು ‘ರೋಡ್‌ಹೆಟ್ಟೆ’. ಕೆಂಪು ಟೋಪಿಯ ಹುಡುಗಿಯ ಕಥೆ ಕೇಳಿದ್ದೀರಲ್ವಾ? ಅವಳದೇ ಡ್ಯಾನಿಶ್ ಹೆಸರು. ಮುಂದೆ ಅದೇ ಮನೆಯ ಸ್ವೆನ್ ಪೌಲ್ಸೆನ್ 1924ರಲ್ಲಿ ‘ಎಲ್ಸಾ ಪೌಲ್ಸೆನ್’ ಮತ್ತು ‘ಕಿರ್ಸ್ಟನ್ ಪೌಲ್ಸೆನ್’ ತಳಿಗಳನ್ನು ಹೊರತಂದರು. ‘ಒರ್ಲಿಯನ್ಸ್ ರೋಸ್’ ಎಂಬ ಪಾಲಿಯಾಂಥಾ ಮತ್ತು ‘ರೆಡ್ ಸ್ಟಾರ್’ ಎಂಬ ಹೈಬ್ರಿಡ್ ಟೀ, ಈ ಇಬ್ಬರ ಮಕ್ಕಳು ಅವು. ಯುರೋಪಿನ ಉದ್ಯಾನಗಳಲ್ಲಿ ಪಾತಿಗಟ್ಟಲೆ ನೆಡುವ ಗುಲಾಬಿಗಳಾಗಿ ಇವು ಹೆಸರು ಮಾಡಿದವು.

ಒರ್ಲಿಯನ್ಸ್ ರೋಸ್ ಹೆಸರು ನೆನಪಿರಲಿ, ಐಸ್‌ಬರ್ಗ್‌ನ ಮನೆಯಲ್ಲಿ ಮತ್ತೆ ಸಿಗುತ್ತದೆ.

ಆಗ ಇವನ್ನೆಲ್ಲ ‘ಹೈಬ್ರಿಡ್ ಪಾಲಿಯಾಂಥಾ’ ಅನ್ನುತ್ತಿದ್ದರು. ‘ಫ್ಲೋರಿಬಂಡಾ’ ಅನ್ನುವ ಹೆಸರು 1930ರ ದಶಕದಲ್ಲಿ ಅಮೆರಿಕದ ಜಾಕ್ಸನ್ ಅಂಡ್ ಪರ್ಕಿನ್ಸ್ ಸಂಸ್ಥೆಯಿಂದ ಬಳಕೆಗೆ ಬಂತು. ಅಲ್ಲಿನ ತಳಿಗಾರ ಜೀನ್ ಬೋರ್ನರ್ ಇಂಥ ತಳಿಗಳನ್ನು ಎಷ್ಟು ಮಾಡಿದರೆಂದರೆ ಜನ ಅವರನ್ನು ‘ಪಾಪಾ ಫ್ಲೋರಿಬಂಡಾ’ ಅಂತಲೇ ಕರೆದರು.

ಐಸ್‌ಬರ್ಗ್ ಹುಟ್ಟಿದ ಮನೆ

ಉತ್ತರ ಜರ್ಮನಿಯಲ್ಲಿ ಸ್ಪಾರೀಸ್‌ಹೋಪ್ ಅನ್ನುವ ಹಳ್ಳಿ ಇದೆ. ಕೋರ್ಡೆಸ್ ಮನೆತನದ ಗುಲಾಬಿ ತೋಟ ಇರುವುದು ಅಲ್ಲೇ. ಮನೆತನದ ಹಿರಿಯ ವಿಲ್‌ಹೆಲ್ಮ್ ಕೋರ್ಡೆಸ್ 1887ರಲ್ಲಿ ಹತ್ತಿರದ ಎಲ್ಮ್ಸ್‌ಹಾರ್ನ್‌ನಲ್ಲಿ ನರ್ಸರಿ ಶುರು ಮಾಡಿದರು. ಐಸ್‌ಬರ್ಗ್ ಮಾಡಿದ್ದು ಅವರ ಮೊಮ್ಮಗ ರೈಮರ್ ಕೋರ್ಡೆಸ್. ಅದು ಹೊರಬಂದದ್ದು 1958ರಲ್ಲಿ.

ಜರ್ಮನಿಯಲ್ಲಿ ಇದರ ಹೆಸರು ಐಸ್‌ಬರ್ಗ್ ಅಲ್ಲ, ‘ಷ್ನೇವಿಟ್‌ಶೆನ್’. ಹಿಮದಷ್ಟು ಬಿಳುಪಿನ ರಾಜಕುಮಾರಿ ಸ್ನೋ ವೈಟ್‌ಗೆ ಜರ್ಮನ್ನರು ಕರೆಯುವ ಹೆಸರು. ಫ್ರೆಂಚರು ‘ಫೇ ದೆ ನೇಜ್’ ಅಂದರು, ಹಿಮದ ಯಕ್ಷಿಣಿ. ಇಂಗ್ಲಿಷ್ ಮಾತಾಡುವ ಕಡೆ ಐಸ್‌ಬರ್ಗ್. ಡೆನ್ಮಾರ್ಕ್‌ನ ಕೆಂಪು ಟೋಪಿಯ ಹುಡುಗಿಯಿಂದ ಜರ್ಮನಿಯ ಹಿಮದ ಹುಡುಗಿಯವರೆಗೆ ಈ ಗುಂಪು ಕಥೆಗಳ ದಾರಿಯಲ್ಲೇ ನಡೆದು ಬಂದಿದೆ ಅನ್ನಿಸಿ ನನಗೆ ಖುಷಿಯಾಗುತ್ತದೆ. ಇಷ್ಟು ಹೆಸರುಗಳಿಂದ ಗೊಂದಲ ಆಗಬಾರದು ಅಂತ ತಳಿಗಳಿಗೆ ನೋಂದಣಿ ಹೆಸರು ಇರುತ್ತದೆ. ಇದರದ್ದು ‘ಕೋರ್ಬಿನ್’. ಇಂಗ್ಲಿಷಿನಲ್ಲಿ ಬರೆದಾಗ ಮೊದಲ ಮೂರಕ್ಷರ (KOR) ಕೋರ್ಡೆಸ್ ಮನೆತನದ ಗುರುತು. ಹೆಸರು ಏನೇ ಇರಲಿ, ನೋಂದಣಿ ಹೆಸರು ಇದಾದರೆ ಗಿಡ ಅದೇ.

ಹೊರಬಂದ ವರ್ಷವೇ ಬ್ರಿಟನ್ನಿನ ರಾಷ್ಟ್ರೀಯ ಗುಲಾಬಿ ಸಂಘದ ಚಿನ್ನದ ಪದಕ ಬಂತು. 1983ರಲ್ಲಿ ಗುಲಾಬಿ ಸಂಘಗಳ ವಿಶ್ವ ಒಕ್ಕೂಟ ಇದನ್ನು ‘ಹಾಲ್ ಆಫ್ ಫೇಮ್’ಗೆ ಸೇರಿಸಿತು. ಜಗತ್ತಿನ ಅಚ್ಚುಮೆಚ್ಚಿನ ಗುಲಾಬಿಗಳ ಪಟ್ಟಿ ಅದು. ಸದಸ್ಯ ದೇಶಗಳ ಮತದಿಂದ ಆಯ್ಕೆ ನಡೆಯುತ್ತದೆ.

ಅಮ್ಮ ಕೆಂಪು, ಅಪ್ಪ ಬಿಳಿ

ಐಸ್‌ಬರ್ಗ್‌ನ ತಾಯಿ ‘ರಾಬಿನ್ ಹುಡ್’. ಇಂಗ್ಲೆಂಡಿನ ಪಾದ್ರಿ ಜೋಸೆಫ್ ಪೆಂಬರ್ಟನ್ ಮಾಡಿದ ತಳಿ, ಹೊರಬಂದದ್ದು 1927ರಲ್ಲಿ. ‘ಹೈಬ್ರಿಡ್ ಮಸ್ಕ್’ ಅನ್ನುವ ಪೊದೆಗುಲಾಬಿಗಳ ಗುಂಪಿಗೆ ಸೇರಿದ್ದು. ಚಿಕ್ಕ ಚಿಕ್ಕ ಕೆಂಪು ಹೂ, ದೊಡ್ಡ ದೊಡ್ಡ ಗೊಂಚಲು. ತಂದೆ ‘ವರ್ಗೋ’. ಫ್ರಾನ್ಸ್‌ನ ಶಾರ್ಲ್ ಮಾಲೆರಾನ್ 1947ರಲ್ಲಿ ಹೊರತಂದ ಬಿಳಿ ಹೈಬ್ರಿಡ್ ಟೀ. ಅದರ ಮೊಗ್ಗು ಉದ್ದ, ಚೂಪು, ನಾಜೂಕು.

ಈಗ ಐಸ್‌ಬರ್ಗ್‌ನ ಒಂದು ಕಡ್ಡಿ ಮುಂದೆ ಇಟ್ಟುಕೊಂಡು ನೋಡಿ. ಮೊಗ್ಗು ಸಪೂರ, ಚೂಪು: ಅಪ್ಪನದು. ಬಿಳುಪು ಅಪ್ಪನದು. ಗೊಂಚಲು ಅಮ್ಮನದು. ಪೊದೆಯಾಗಿ ಹರಡಿಕೊಂಡು ಬೆಳೆಯುವ ಗುಣ, ಬಿಡುವಿಲ್ಲದೆ ಹೂ ಬಿಡುವ ಹುರುಪು, ಇವೂ ಅಮ್ಮನ ಕಡೆಯವು. ಉಳಿದ ಫ್ಲೋರಿಬಂಡಾಗಳ ಪಕ್ಕ ನಿಲ್ಲಿಸಿದರೆ ಐಸ್‌ಬರ್ಗ್ ಸ್ವಲ್ಪ ಸಡಿಲ, ಸ್ವಲ್ಪ ಪೊದೆ ಪೊದೆ ಅನ್ನಿಸುವುದು ಇದಕ್ಕೇ.

ಇನ್ನೊಂದು ಮೆಟ್ಟಿಲು ಮೇಲೆ ಹೋಗೋಣ. ರಾಬಿನ್ ಹುಡ್‌ನ ಹೆತ್ತವರಲ್ಲಿ ಒಂದು ‘ಮಿಸ್ ಎಡಿತ್ ಕಾವೆಲ್’ ಎಂಬ ಪಾಲಿಯಾಂಥಾ. ಅದು ಬೀಜದಿಂದ ಹುಟ್ಟಿದ ತಳಿಯಲ್ಲ. ಒರ್ಲಿಯನ್ಸ್ ರೋಸ್ ಗಿಡದಲ್ಲಿ ತಾನಾಗಿ ಬಣ್ಣ ಬದಲಾಯಿಸಿಕೊಂಡ ಒಂದು ಟೊಂಗೆ. ಅಂದರೆ ಎಲ್ಸಾ ಪೌಲ್ಸೆನ್‌ಗೆ ತಾಯಿಯಾದವಳೇ ಮೂಲದಲ್ಲಿ ಐಸ್‌ಬರ್ಗ್‌ಗೆ ಅಜ್ಜಿ. ಅಷ್ಟೇ ಅಲ್ಲ, ಒರ್ಲಿಯನ್ಸ್ ರೋಸ್ ಸ್ವತಃ ಮದಾಮ್ ನೋರ್ಬೆರ್ ಲವವಸ್ಸರ್‌ನ ಮಗಳು. ಡೀನೆಸ್ ಪೌಲ್ಸೆನ್ ಆರಿಸಿದ್ದ ಪಾಲಿಯಾಂಥಾವೇ ಅದು. ಕೋರ್ಡೆಸ್ ಬೇರೆ ದಾರಿ ಹಿಡಿದು ಬಂದರೂ ತಲುಪಿದ್ದು ಅದೇ ಮನೆಯ ಹಿತ್ತಲಿಗೆ.

ವರ್ಷವಿಡೀ ಹೂ ಬಿಡುವುದು ಹೇಗೆ?

ಹೆಚ್ಚಿನ ಕಾಡುಗುಲಾಬಿಗಳು ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತವೆ. ಉಳಿದ ಕಾಲ ಬರೀ ಎಲೆ. ಐಸ್‌ಬರ್ಗ್ ಹಾಗಲ್ಲ. ಹವೆ ಬೆಚ್ಚಗಿರುವಷ್ಟು ಕಾಲ ಒಂದು ಸುತ್ತು ಮುಗಿದರೆ ಇನ್ನೊಂದು ಸುತ್ತು.

ಇದರ ಗುಟ್ಟು ಒಂದು ಬ್ರೇಕ್‌ನಲ್ಲಿದೆ. ಗುಲಾಬಿಯ ಒಳಗೆ ಕೆಎಸ್‌ಎನ್ ಅನ್ನುವ ಜೀನ್ ಇದೆ. ‘ಈಗ ಹೂ ಬೇಡ, ಬೆಳೆಯುತ್ತಾ ಹೋಗು’ ಅಂತ ಗಿಡವನ್ನು ತಡೆಯುವುದು ಅದರ ಕೆಲಸ. ಕಾಡುಗುಲಾಬಿಯಲ್ಲಿ ಈ ಬ್ರೇಕ್ ಸರಿಯಾಗಿ ಹಿಡಿಯುತ್ತದೆ. ಚೀನಾದ ಹಳೇ ತೋಟದ ಗುಲಾಬಿಗಳಲ್ಲಿ ಎಂದೋ ಒಮ್ಮೆ ಈ ಜೀನ್‌ನ ನಡುವೆ ಬೇರೆ ಡಿಎನ್‌ಎ ತುಂಡೊಂದು ನುಸುಳಿಕೊಂಡು ಬ್ರೇಕ್ ಕೆಟ್ಟುಹೋಯಿತು. ಅಂದಿನಿಂದ ಹೊಸ ಚಿಗುರು ಬಂದಾಗಲೆಲ್ಲ ಅದರ ತುದಿಯಲ್ಲಿ ಹೂ. ಹದಿನೆಂಟನೇ ಶತಮಾನದ ಕೊನೆಯಿಂದ ಆ ಗುಲಾಬಿಗಳು ಯುರೋಪಿಗೆ ಬಂದವು. ಇಂದಿನ ತೋಟದ ಗುಲಾಬಿಗಳು ಮತ್ತೆ ಮತ್ತೆ ಅರಳುವುದು ಬಹುಪಾಲು ಆ ಕೆಟ್ಟ ಬ್ರೇಕ್‌ನ ಕೊಡುಗೆ.

ಹೊಸ ಚಿಗುರಿಗೊಂದು ಹೂ ಅನ್ನುವ ಈ ಲೆಕ್ಕ ಗೊತ್ತಿದ್ದರೆ ಬಾಡಿದ ಹೂ ಯಾಕೆ ಕತ್ತರಿಸಬೇಕು ಅನ್ನುವುದೂ ಗೊತ್ತಾಗುತ್ತದೆ. ಬಿಟ್ಟರೆ ಗಿಡ ಕಾಯಿ ಕಟ್ಟಿ, ಬೀಜಕ್ಕೆ ಶಕ್ತಿ ಹಾಕುತ್ತದೆ. ಗೊಂಚಲಿನ ಕೆಳಗೆ ಚೆನ್ನಾಗಿ ಬೆಳೆದ ಮೊದಲ ಎಲೆಯ ಮೇಲೆ ಕತ್ತರಿಸಿದರೆ ಆ ಎಲೆಯ ಬುಡದ ಕಣ್ಣು ಚಿಗುರುತ್ತದೆ. ಹವೆ ಬೆಚ್ಚಗಿದ್ದರೆ ಸುಮಾರು ಆರು ವಾರದಲ್ಲಿ ಅದರ ತುದಿಯಲ್ಲಿ ಹೊಸ ಗೊಂಚಲು.

ಮೊಗ್ಗಿನ ಗುಲಾಬಿ ಬಣ್ಣ

ಇನ್ನು ‘ಮೋಸ ಹೋದೆನಾ’ ಪ್ರಶ್ನೆ. ಗುಲಾಬಿಗೆ ಕೆಂಪು, ಗುಲಾಬಿ ಬಣ್ಣ ಕೊಡುವುದು ಆಂಥೋಸಯನಿನ್ ಅನ್ನುವ ವಸ್ತು. ಐಸ್‌ಬರ್ಗ್ ಎಸಳಿನಲ್ಲಿ ಅದು ಇಲ್ಲ ಅನ್ನುವಷ್ಟು ಕಡಿಮೆ. ಆದರೆ ರಾತ್ರಿ ತಂಪು, ಹಗಲು ಬಿಸಿಲು ಇರುವ ದಿನಗಳಲ್ಲಿ ಹೊರಗಿನ ಎಸಳುಗಳ ಅಂಚಿನಲ್ಲಿ ಒಂದಿಷ್ಟು ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ಮೊಗ್ಗಿನ ತುದಿಗೆ ಯಾರೋ ಕುಂಕುಮದ ಕೈ ಒರೆಸಿದ ಹಾಗಿರುತ್ತದೆ. ಹೂ ಪೂರ್ತಿ ಬಿಚ್ಚಿಕೊಂಡಾಗ ಆ ಬಣ್ಣ ಬಿಳುಪಿನಲ್ಲಿ ಕರಗಿಹೋಗುತ್ತದೆ. ಇದು ಐಸ್‌ಬರ್ಗ್‌ನ ಗುಣವೇ.

ಅರಳಿದ ಎಸಳಿನ ಮೇಲೆ ಚುಕ್ಕೆ ಚುಕ್ಕೆಯಾಗಿ, ಉಂಗುರದ ಹಾಗೆ ಗುಲಾಬಿ ಬಣ್ಣ ಕಂಡರೆ ಮಾತ್ರ ಕಥೆ ಬೇರೆ. ಒದ್ದೆ ಹವೆಯಲ್ಲಿ ಬರುವ ಬೊಟ್ರೈಟಿಸ್ ಎಂಬ ಬೂಷ್ಟಿನ ಗುರುತು ಅದು. ಬಿಳಿ ಎಸಳಾದ್ದರಿಂದ ಎದ್ದು ಕಾಣುತ್ತದೆ. ಅಂಥ ಹೂಗಳನ್ನು ಕಿತ್ತು ದೂರ ಹಾಕುವುದು ಒಳ್ಳೆಯದು.

ಗುಣ, ದೋಷ

ಬಿಡಿ ಹೂ ಸುಮಾರು ಏಳೆಂಟು ಸೆಂಟಿಮೀಟರ್ ಅಗಲ, ಇಪ್ಪತ್ತೈದರ ಆಸುಪಾಸು ಎಸಳು. ಪೂರ್ತಿ ಅರಳಿದಾಗ ಚಪ್ಪಟೆಯಾಗಿ ಬಿಚ್ಚಿಕೊಂಡು ನಡುವಿನ ಹಳದಿ ಕೇಸರ ತೋರಿಸುತ್ತದೆ. ಎಲೆ ತಿಳಿಹಸಿರು, ಹೊಳಪು. ಮುಳ್ಳು ಕಡಿಮೆ, ಟೊಂಗೆ ಕತ್ತರಿಸಿ ಸವರುವಾಗ ಕೈಗೆ ಇದು ದೊಡ್ಡ ಉಪಕಾರ. ಗಿಡ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್ ಬೆಳೆಯುತ್ತದೆ. ಜಾಸ್ತಿ ಮೋಟು ಮಾಡಿ ಸವರಿದರೆ ಇದಕ್ಕೆ ಇಷ್ಟವಾಗುವುದಿಲ್ಲ. ಮೂರನೇ ಒಂದು ಭಾಗ ತೆಗೆದು, ಒಣಗಿದ್ದು, ಒಂದಕ್ಕೊಂದು ತಿಕ್ಕುವುದು ಕಳೆದರೆ ಸಾಕು.

ಪರಿಮಳದ ಆಸೆಯಿಂದ ಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದರ ವಾಸನೆ ಬಹಳ ಮೆಲು. ಮೂಗು ಹತ್ತಿರ ತಂದರೆ ಜೇನಿನ ಹಾಗೆ ಒಂದು ಎಳೆ ಸಿಗಬಹುದು, ಅಷ್ಟೇ.

ದೊಡ್ಡ ದೋಷ ಕಪ್ಪುಚುಕ್ಕೆ ರೋಗ. ಎಲೆಯ ಮೇಲೆ ಅಂಚು ಹರಿದ ಕಪ್ಪು ಚುಕ್ಕೆ, ಸುತ್ತ ಹಳದಿ, ಆಮೇಲೆ ಎಲೆ ಉದುರುವುದು. ಮಳೆಗಾಲ ಉದ್ದ ಇರುವ ಕಡೆ ಐಸ್‌ಬರ್ಗ್ ಇದಕ್ಕೆ ಬೇಗ ತುತ್ತಾಗುತ್ತದೆ. ಒಣ ಹವೆಯಲ್ಲಿ ಇದೇ ಗಿಡ ಆರಾಮಾಗಿರುತ್ತದೆ. ಕಾರಣ ಸುಲಭ: ಈ ಶಿಲೀಂಧ್ರದ ಬೀಜಕಣ ಎಲೆಯೊಳಗೆ ಇಳಿಯಬೇಕಾದರೆ ಎಲೆ ಸುಮಾರು ಏಳು ಗಂಟೆ ಸತತವಾಗಿ ಒದ್ದೆ ಇರಬೇಕು. ಹಾಗಾಗಿ ಸಂಜೆ ಎಲೆಯ ಮೇಲೆ ನೀರು ಚಿಮುಕಿಸಿದರೆ ರೋಗಕ್ಕೆ ನಾವೇ ಇಡೀ ರಾತ್ರಿ ಬಿಟ್ಟುಕೊಟ್ಟ ಹಾಗೆ. ಬೆಳಿಗ್ಗೆ, ಬುಡಕ್ಕೆ ಮಾತ್ರ ನೀರು ಕೊಡಿ. ಉದುರಿದ ಎಲೆ ಗುಡಿಸಿ ತೆಗೆಯಿರಿ. ಗಿಡದಿಂದ ಗಿಡಕ್ಕೆ ಗಾಳಿ ಆಡುವಷ್ಟು ಜಾಗ ಬಿಡಿ.

ಐಸ್‌ಬರ್ಗ್ ಹುಟ್ಟಿದ ಕಾಲದಲ್ಲಿ ಔಷಧಿ ಸಿಂಪಡಿಸುವುದು ಸಾಮಾನ್ಯವಾಗಿತ್ತು. ಅದೇ ಕೋರ್ಡೆಸ್ ಮನೆತನ 1990ರ ಸುಮಾರಿಗೆ ತನ್ನ ಪ್ರಯೋಗದ ಹೊಲಗಳಲ್ಲಿ ಶಿಲೀಂಧ್ರನಾಶಕ ನಿಲ್ಲಿಸಿತು. ತಾನಾಗಿ ಬದುಕುವ ಸಸಿಗಳನ್ನೇ ಆರಿಸತೊಡಗಿತು. ರೋಗದ ವಿಷಯಕ್ಕೆ ಬಂದರೆ ಹೊಸ ತಳಿಗಳು ಐಸ್‌ಬರ್ಗ್‌ಗಿಂತ ಗಟ್ಟಿ, ಇದನ್ನು ಒಪ್ಪಲೇಬೇಕು.

ಎಲ್ಲ ಐಸ್‌ಬರ್ಗ್‌ಗಳೂ ಒಂದೇ ಗಿಡ

ಹೊಸ ಗುಲಾಬಿ ತಳಿ ಹುಟ್ಟುವುದು ಬೀಜದಿಂದ. ತಾಯಿ ಹೂವಿನ ಎಸಳು, ಕೇಸರ ಕಿತ್ತು, ತಂದೆಯ ಪರಾಗ ಸವರಿ, ಕಾಯಿ ಹಣ್ಣಾಗುವ ತನಕ ಕಾದು, ಬೀಜ ಬಿತ್ತುತ್ತಾರೆ. ಸಾವಿರಾರು ಸಸಿ ಬರುತ್ತವೆ. ಒಂದು ಇನ್ನೊಂದರ ಹಾಗಿರುವುದಿಲ್ಲ, ಒಡಹುಟ್ಟಿದವರು ಬೇರೆ ಬೇರೆ ಇರುವ ಹಾಗೆ. ವರ್ಷಗಟ್ಟಲೆ ನೋಡಿ, ಕಿತ್ತು, ಕೊನೆಗೆ ಒಂದನ್ನು ಉಳಿಸಿಕೊಳ್ಳುತ್ತಾರೆ. ಐಸ್‌ಬರ್ಗ್ ಅಂಥ ಒಂದೇ ಒಂದು ಸಸಿ.

ಅಲ್ಲಿಂದ ಮುಂದೆ ಬೀಜದ ಕೆಲಸ ಇಲ್ಲ. ಐಸ್‌ಬರ್ಗ್ ಬೀಜ ಬಿತ್ತಿದರೆ ಐಸ್‌ಬರ್ಗ್ ಬರುವುದಿಲ್ಲ, ಅದರ ಮಕ್ಕಳು ಬರುತ್ತವೆ. ಅದೇ ಗಿಡ ಬೇಕಾದರೆ ಕಡ್ಡಿ ನೆಡಬೇಕು, ಇಲ್ಲವೇ ಕಣ್ಣು ಕಸಿ ಮಾಡಬೇಕು. ಗಟ್ಟಿ ಬೇರಿನ ಬೇರೊಂದು ಗುಲಾಬಿಯ ತೊಗಟೆಯನ್ನು ಟಿ ಆಕಾರದಲ್ಲಿ ಸೀಳಿ, ಐಸ್‌ಬರ್ಗ್‌ನ ಒಂದು ಕಣ್ಣನ್ನು ಅದರೊಳಗೆ ಜಾರಿಸಿ ಕಟ್ಟುತ್ತಾರೆ. ಕಣ್ಣು ಹತ್ತಿಕೊಂಡ ಮೇಲೆ ಬೇರುಗಿಡದ ತಲೆ ಕತ್ತರಿಸುತ್ತಾರೆ. ಕೆಳಗೆ ಒಬ್ಬರ ಬೇರು, ಮೇಲೆ ಇನ್ನೊಬ್ಬರ ಒಡಲು. ಹೀಗೆ ನಿಮ್ಮ ಕುಂಡದಲ್ಲಿರುವ ಐಸ್‌ಬರ್ಗ್ ಸ್ಪಾರೀಸ್‌ಹೋಪ್‌ನಲ್ಲಿ ಮೊಳೆತ ಆ ಒಂದು ಸಸಿಯದ್ದೇ ತುಂಡು.

ಮಕ್ಕಳೂ ಬೇಕಾದಷ್ಟು ಇದ್ದಾರೆ. ಇಂಗ್ಲೆಂಡಿನ ಡೇವಿಡ್ ಆಸ್ಟಿನ್ ಹಳೇ ಕಾಲದ ಆಕಾರದ ಗುಲಾಬಿಗಳನ್ನು ಮಾಡಲು ಹೊರಟಾಗ ಐಸ್‌ಬರ್ಗ್ ಬಳಸಿಕೊಂಡರು. 1983ರ ಹಳದಿ ‘ಗ್ರಹಾಂ ಥಾಮಸ್’, 1984ರ ‘ಹೆರಿಟೇಜ್’, ಎರಡರ ವಂಶದಲ್ಲೂ ಇದು ಇದೆ.

ಟೊಂಗೆ ದಾರಿ ಬದಲಿಸಿದಾಗ

ಒಂದೇ ಗಿಡದ ತುಂಡುಗಳಾದರೂ ಆಗೊಮ್ಮೆ ಈಗೊಮ್ಮೆ ಒಂದು ಟೊಂಗೆ ಬೇರೆಯದೇ ಆಗಿಬಿಡುತ್ತದೆ. ಮೊಳೆಯುವ ಕಣ್ಣಿನ ಒಂದು ಜೀವಕೋಶದಲ್ಲಿ ಜೀನ್ ಬದಲಾದರೆ ಸಾಕು, ಅದರಿಂದ ಬರುವ ಟೊಂಗೆ ಬದಲಾದದ್ದೇ. ತೋಟಗಾರರು ಇದನ್ನು ‘ಸ್ಪೋರ್ಟ್’ ಅನ್ನುತ್ತಾರೆ. ಎಡಿತ್ ಕಾವೆಲ್ ಗುಲಾಬಿ ಬಂದದ್ದೂ ಹೀಗೇ.

ಐಸ್‌ಬರ್ಗ್‌ಗೂ ಇಂಥ ಕವಲುಗಳಿವೆ. ಇಂಗ್ಲೆಂಡಿನ ಕ್ಯಾಂಟ್ ನರ್ಸರಿಯಿಂದ 1968ರಲ್ಲಿ ಬಳ್ಳಿಯಾಗಿ ಹಬ್ಬುವ ‘ಕ್ಲೈಂಬಿಂಗ್ ಐಸ್‌ಬರ್ಗ್’ ಬಂತು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಲಿಲಿಯಾ ವೆದರ್ಲಿ ಅವರ ತೋಟದಲ್ಲಿ ಬಿಳಿ ಗಿಡ ಬಣ್ಣಕ್ಕೆ ತಿರುಗಿತು. ‘ಬ್ಲಷಿಂಗ್ ಪಿಂಕ್ ಐಸ್‌ಬರ್ಗ್’, ‘ಬ್ರಿಲಿಯಂಟ್ ಪಿಂಕ್ ಐಸ್‌ಬರ್ಗ್’ ಬಂದದ್ದು ಅಲ್ಲಿಂದ. ಆ ಎರಡನೆಯದರ ಟೊಂಗೆಯೊಂದು ಇನ್ನೂ ಗಾಢವಾಗಿ ‘ಬರ್ಗಂಡಿ ಐಸ್‌ಬರ್ಗ್’ ಆಯಿತು. ಬಣ್ಣ ಬೇರೆ, ಗೊಂಚಲು, ಎಲೆ, ನಡೆ ಎಲ್ಲ ಐಸ್‌ಬರ್ಗ್‌ನದೇ.

ನಿಮ್ಮ ಗಿಡದಲ್ಲೂ ಒಂದು ದಿನ ಬೇರೆ ಬಗೆಯ ಟೊಂಗೆ ಕಂಡರೆ ಮೊದಲು ಅದು ಎಲ್ಲಿಂದ ಹೊರಟಿದೆ ನೋಡಿ. ಬುಡದ ಮಣ್ಣು ಸರಿಸಿದರೆ ಕಸಿಯ ಗಂಟು ಕೈಗೆ ಸಿಗುತ್ತದೆ. ಟೊಂಗೆ ಗಂಟಿನ ಕೆಳಗಿಂದ ಬಂದಿದ್ದರೆ ಅದು ಬೇರುಗಿಡದ ಚಿಗುರು. ಬಿಟ್ಟರೆ ಮೇಲಿನ ಐಸ್‌ಬರ್ಗ್ ಅನ್ನು ಸೊರಗಿಸುತ್ತದೆ, ಬುಡಸಮೇತ ಎಳೆದು ಕಿತ್ತುಬಿಡಿ. ಗಂಟಿನ ಮೇಲೆ, ಬಿಳಿ ಗೊಂಚಲಿನ ಟೊಂಗೆಗಳ ನಡುವೆಯೇ ಒಂದರಲ್ಲಿ ಬಣ್ಣದ ಗೊಂಚಲು ಬಂದಿದ್ದರೆ ಕತ್ತರಿ ಕೆಳಗಿಡಿ. ಅದಕ್ಕೊಂದು ದಾರ ಕಟ್ಟಿ ಗುರುತು ಮಾಡಿ, ಮುಂದಿನ ಸುತ್ತಿನಲ್ಲೂ ಅದೇ ಬಣ್ಣ ಬರುತ್ತಾ ಅಂತ ಕಾದು ನೋಡಿ.